ನಾಟಕಕ್ಕೆ ನಿಜವಾದ ನಾಯಿಯೇ ಬೇಕಾ?

ಪ್ರಶ್ನೆ: ನಮ್ಮ ನಾಟಕದಲ್ಲಿ ನಾಯಿಯ ಪಾತ್ರವಿದೆ. ಗೆಳೆಯರೊಬ್ಬರ ಸಾಕುನಾಯಿಯನ್ನೇ ರಂಗಕ್ಕೆ ತರಬಹುದಾ?

ಉತ್ತರ: ತರಬಹುದು, ಆದರೆ ಮೊದಲು ನಾಯಿಯನ್ನು ನೋಡಿ, ನಾಟಕ ಆಮೇಲೆ. ಮನೆಯಲ್ಲಿ ಹೇಳಿದ ಮಾತು ಕೇಳುವ ನಾಯಿಯೂ ಬೆಳಕು, ಸ್ಪೀಕರ್ ಸದ್ದು, ನೂರಾರು ಜನರ ಚಪ್ಪಾಳೆ ಎಲ್ಲ ಒಟ್ಟಿಗೆ ಬಂದಾಗ ಬೆದರಿಬಿಡಬಹುದು. ನಮಗೆ ಕೇಳಿಸದ ಸದ್ದೂ ಅದಕ್ಕೆ ಕೇಳಿಸುತ್ತದೆ ಅಲ್ವಾ. ತಾಲೀಮಿನಲ್ಲಿ ಬಾಲ ಕಾಲಸಂದಿಗೆ ಸೇರಿತು, ಕಿವಿ ಹಿಂದಕ್ಕೆ ಹೋಯಿತು, ಸುಮ್ಸುಮ್ನೆ ಆಕಳಿಸಿ ಮೂತಿ ನೆಕ್ಕಿಕೊಳ್ಳುತ್ತಿದೆ ಅಂದರೆ ಅದು ಹೆದರಿದೆ. ಅಲ್ಲಿಗೇ ಬಿಟ್ಟುಬಿಡಿ, ದಯವಿಟ್ಟು ಬಲವಂತ ಬೇಡ.

1977ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಶುರುವಾದ ‘ಆ್ಯನಿ’ ಎಂಬ ಸಂಗೀತನಾಟಕದಲ್ಲಿ ಸ್ಯಾಂಡಿ ಎಂಬ ನಾಯಿಯ ಪಾತ್ರ ಮಾಡಿದ್ದು ಪ್ರಾಣಿಗಳ ಆಶ್ರಯತಾಣದಿಂದ ತಂದ ನಾಯಿ. ವರ್ಷಗಟ್ಟಲೆ ನಟಿಸಿತು. ಆದರೆ ಅದನ್ನು ನೋಡಿಕೊಳ್ಳಲು ವಿಲಿಯಂ ಬರ್ಲೋನಿ ಎಂಬ ತರಬೇತುದಾರರಿದ್ದರು. ನಿಮ್ಮಲ್ಲಿ ಅಂಥವರು ಇದ್ದಾರಾ?

ಇಲ್ಲದಿದ್ದರೆ ಬೊಂಬೆ ಮಾಡಿಸಿ. 2007ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರ್ ಆಡಿದ ‘ವಾರ್ ಹಾರ್ಸ್’ನಲ್ಲಿ ಮೂವರು ಸೇರಿ ಒಂದು ಬೊಂಬೆ ಕುದುರೆಯನ್ನು ಆಡಿಸುತ್ತಿದ್ದರು. ಅದು ಉಸಿರಾಡುತ್ತಿತ್ತು, ಕಿವಿ ತಿರುಗಿಸುತ್ತಿತ್ತು. ಆಡಿಸುವವರು ಕಣ್ಣೆದುರೇ ಕಾಣುತ್ತಿದ್ದರೂ ಜನ ಕುದುರೆಯನ್ನೇ ನೋಡಿದರು. ನಿಮ್ಮ ನಾಯಿಗೂ ಮೊದಲು ಉಸಿರಾಡುವುದನ್ನು ಕಲಿಸಿ, ಬೊಗಳುವುದು ಆಮೇಲೆ.