ನಾಗಾಲ್ಯಾಂಡಿನ ಕೊಹಿಮಾದ ಡಿಸಿ ಬಂಗಲೆ ಎರಡನೇ ಮಹಾಯುದ್ಧದಲ್ಲಿ ಏನಾಯ್ತು? ಈಗ ಅದು ಉಳಿದಿದೆಯಾ?

ಇಲ್ಲ, ಪೂರ್ತಿ ನೆಲಸಮ ಆಯಿತು. ಅದು ಬ್ರಿಟಿಷರ ಕಾಲದ ನಾಗಾ ಹಿಲ್ಸ್ ಜಿಲ್ಲೆಯ ಡೆಪ್ಯುಟಿ ಕಮಿಷನರ್ ವಾಸವಿದ್ದ ಮನೆ, ಯುದ್ಧದ ಹೊತ್ತಿಗೆ ಆ ಹುದ್ದೆಯಲ್ಲಿದ್ದವರು ಚಾರ್ಲ್ಸ್ ಪಾಸೀ. 1944ರ ಏಪ್ರಿಲ್‌ನಲ್ಲಿ ಜಪಾನಿ ಸೈನ್ಯ ಊರಿಗೆ ಮುತ್ತಿಗೆ ಹಾಕಿ ಬಂಗಲೆಯನ್ನೂ ಹಿಡಿಯಿತು. ಆಮೇಲೆ ಅದರ ಟೆನಿಸ್ ಕೋರ್ಟೇ ಗಡಿ! ಒಂದು ಕಡೆ ಜಪಾನಿಯರು, ಇನ್ನೊಂದು ಕಡೆ ಬ್ರಿಟಿಷ್ ಮತ್ತು ಭಾರತೀಯ ಸೈನಿಕರು, ನಡುವೆ ಕೋರ್ಟಿನಷ್ಟೇ ಜಾಗ, ಅದರ ಮೇಲಿಂದ ಗ್ರೆನೇಡ್ ಎಸೆದಾಟ. ವಾರಗಟ್ಟಲೆ ಹೀಗೇ ನಡೆದು, ಮೇ ತಿಂಗಳಲ್ಲಿ ಹೇಗೋ ಒಂದು ಟ್ಯಾಂಕನ್ನು ಗುಡ್ಡದ ಮೇಲಿಂದ ಕೋರ್ಟಿಗೆ ಇಳಿಸಿ, ಹತ್ತಿರದಿಂದಲೇ ಬಂಕರ್‌ಗಳಿಗೆ ಗುಂಡು ಹಾರಿಸಿದ ಮೇಲಷ್ಟೇ ಜಪಾನಿಯರು ಜಾಗ ಬಿಟ್ಟರು.

ಈಗ ಅಲ್ಲಿರುವುದು ಕೊಹಿಮಾ ಯುದ್ಧ ಸ್ಮಶಾನ. ಮನೆ ಹೋದರೂ ಟೆನಿಸ್ ಕೋರ್ಟಿನ ಗೆರೆಗಳನ್ನು ಕಾಂಕ್ರೀಟಿನಲ್ಲಿ ಗುರುತು ಮಾಡಿದ್ದಾರೆ, ಹೋದವರು ನೋಡಬಹುದು.