ದಾರ ಪೋಣಿಸಿಟ್ಟ ಸೂಜಿಗಳು

(ನನ್ನ ಬಳಿ ಸಲಹೆಗೆ ಬಂದವಳ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

"ಮೇಡಂ, ನನಗೆ ಅಜ್ಜಿ ಮುಖಾನೇ ನೆನಪಾಗ್ತಿಲ್ಲ. ಆಸ್ಪತ್ರೆ ಮುಖ ಒಂದೇ ಬರುತ್ತೆ."

ಕೂತ ಕೂಡಲೇ ಆಕೆ ಹೇಳಿದ್ದು ಇಷ್ಟು. ವಯಸ್ಸು 26. ಚಿಕ್ಕಂದಿನಿಂದ ಸಾಕಿದ್ದು ಅಜ್ಜಿ. ಅವರು ಹೋಗಿ ನಾಲ್ಕು ತಿಂಗಳಾಗಿತ್ತು. ಕಣ್ಣು ಮುಚ್ಚಿದರೆ ಆಕ್ಸಿಜನ್ ಮಾಸ್ಕು, ಸೂಜಿ ಚುಚ್ಚಿ ಊದಿದ ಕೈ. ಅದರ ಮೇಲೆ ಇನ್ನೊಂದು ಕೊರಗು. ಕೊನೆಯ ವಾರ ಅಜ್ಜಿ ಫೋನ್ ಮಾಡಿದಾಗ "ಆಮೇಲೆ ಮಾಡ್ತೀನಿ" ಎಂದವಳು ಮರೆತೇಬಿಟ್ಟಿದ್ದಳು.

ಮನೆಯವರು "ತುಂಬು ಜೀವನ ನಡೆಸಿದರು, ಇನ್ನೆಷ್ಟು ದಿನ ಅಳ್ತೀಯ?" ಎನ್ನುತ್ತಿದ್ದರಂತೆ. ಈ ಮಾತನ್ನು ನಾನು ಯಾವತ್ತೂ ಒಪ್ಪಿಲ್ಲ. ಅಜ್ಜಿಗೆ 82 ಆಗಿತ್ತು ನಿಜ. ಆದರೆ ಇವಳಿಗೆ ಇದ್ದದ್ದು ಆ ಒಬ್ಬ ಅಜ್ಜಿ, ಅಲ್ವಾ?

ಮೊದಲು ನಿದ್ದೆ, ಊಟ, ಕೆಲಸದ ಬಗ್ಗೆ ವಿಚಾರಿಸಿದೆ. ನಿದ್ದೆ ಕಡಿಮೆ, ಉಳಿದದ್ದು ನಡೆಯುತ್ತಿತ್ತು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ದೀರ್ಘಕಾಲದ ಶೋಕವೂ ಇದೆ. ಆದರೆ ಅದಕ್ಕೆ ಕನಿಷ್ಠ ಆರು ತಿಂಗಳು ಕಳೆದಿರಬೇಕು, ದಿನದ ಬದುಕಿಗೆ ತೀವ್ರವಾಗಿ ಅಡ್ಡಿಯಾಗುವಷ್ಟು ನೋವಿರಬೇಕು. ಇವಳದ್ದು ಕಾಯಿಲೆ ಅಲ್ಲ, ದುಃಖ.

"ನಾನಿನ್ನೂ ಒಪ್ಪಿಕೊಳ್ಳೋ ಹಂತಕ್ಕೆ ಬಂದಿಲ್ಲ" ಎಂದಳು. ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವುದು ಎಂಬ ಶೋಕದ ಐದು ಹಂತಗಳ ಬಗ್ಗೆ ಎಲ್ಲೋ ಓದಿದ್ದಳು. ಮನೋವೈದ್ಯೆ ಎಲಿಜಬೆತ್ ಕೂಬ್ಲರ್-ರಾಸ್ 1969ರಲ್ಲಿ ಅವನ್ನು ಬರೆದದ್ದು ಸಾವಿನ ಹತ್ತಿರವಿದ್ದ ರೋಗಿಗಳ ಜೊತೆ ಮಾತಾಡಿ. ತಮ್ಮವರನ್ನು ಕಳಕೊಂಡವರು ಒಂದೊಂದಾಗಿ ಹತ್ತಬೇಕಾದ ಮೆಟ್ಟಿಲುಗಳಲ್ಲ ಅವು. ಒಂದು ದಿನ ಅಳು, ಮರುದಿನ ಗೆಳತಿಯ ಜೊತೆ ನಗು, ಸಂಜೆ ಮತ್ತೆ ಅಳು. ಹೀಗಾಗುವುದು ಸಹಜ ಎಂದೆ.

ಆಸ್ಪತ್ರೆಯ ಮುಖವೇ ಯಾಕೆ ಬರುತ್ತದೆ? ಗಾಬರಿಯಲ್ಲಿ ಕಂಡದ್ದನ್ನು ಮನಸ್ಸು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಹಳೆಯದು ಅಳಿಸಿಹೋಗಿಲ್ಲ, ಅಡಿಗೆ ಸರಿದಿದೆ ಅಷ್ಟೆ.

"ಅಜ್ಜಿ ಹೇಗಿದ್ದರು?" ಎಂದು ಕೇಳಿದೆ. "ದೇವರಂಥವರು" ಎಂದಳು. ದೇವರ ಹೆಸರು ಬಂದರೆ ಮನುಷ್ಯರು ಮರೆಯಾಗಿಬಿಡುತ್ತಾರೆ. ಹಾಗಾಗಿ ಬೇರೆ ಥರ ಕೇಳಿದೆ: "ಅವರ ಕೈ ಹೇಗಿತ್ತು?"

ತುಂಬ ಹೊತ್ತು ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ, "ಹೆಬ್ಬೆರಳ ತುದಿ ಒರಟು. ಹೊಲೀತಿದ್ರು. ಕಣ್ಣು ಮಂಜಾದ ಮೇಲೆ ದಾರ ಪೋಣಿಸೋಕೆ ಆಗ್ತಿರಲಿಲ್ಲ. ನಾನು ಕಾಲೇಜಿಗೆ ಹೊರಡೋ ಮುಂಚೆ ಐದಾರು ಸೂಜಿಗೆ ಪೋಣಿಸಿ ಇಟ್ಟು ಹೋಗ್ತಿದ್ದೆ. ಗಿಡ್ಡ ದಾರ ಹಾಕಿದ್ರೆ ಬೈತಿದ್ರು." ಬೈದದ್ದನ್ನು ಹೇಳುವಾಗ ಮೊದಲ ಸಲ ನಕ್ಕಳು.

ನಾನು ಕೊಟ್ಟ ಸಲಹೆ ಇಂಥದ್ದೇ ಸಣ್ಣ ಸಂಗತಿಗಳದ್ದು. ದಿನಕ್ಕೆ ಹದಿನೈದು ನಿಮಿಷ, ಒಂದೇ ನೆನಪು ಬರೆಯಿರಿ. ಕೈ, ನಡಿಗೆ, ಕೆಮ್ಮು, ಕೋಪ, ಹಟ ಎಲ್ಲವೂ ಇರಲಿ. ನೀವು ಹುಟ್ಟುವ ಮುಂಚಿನ ಅಜ್ಜಿಯನ್ನು ಅಮ್ಮನ ಹತ್ತಿರ ಕೇಳಿ ತಿಳಿದುಕೊಳ್ಳಿ. ಅಮ್ಮನೂ ತಾಯಿಯನ್ನು ಕಳಕೊಂಡಿದ್ದಾರೆ, ಮಾತಾಡಲು ಯಾರೂ ಸಿಕ್ಕಿಲ್ಲದಿರಬಹುದು. ಆಸ್ಪತ್ರೆಯ ಫೋಟೋಗಳನ್ನು ಅಳಿಸಬೇಡಿ, ಬೇರೆ ಫೋಲ್ಡರಿಗೆ ಹಾಕಿ. ಅಜ್ಜಿಯ ವಾಯ್ಸ್ ಮೆಸೇಜುಗಳನ್ನು ಎರಡು ಕಡೆ ಕಾಪಿ ಮಾಡಿಡಿ. ಆದರೆ ರಾತ್ರಿ ಮಲಗುವ ಮುಂಚೆ ಕೇಳಬೇಡಿ. ಮಾಡದೆ ಉಳಿದ ಆ ಫೋನಿನಲ್ಲಿ ಏನು ಹೇಳುತ್ತಿದ್ದಿರೋ ಅದನ್ನು ಕಾಗದ ಬರೆದು ಅಜ್ಜಿಗೆ ಹೇಳಿ.

ನಾಲ್ಕನೆಯ ಭೇಟಿಗೆ ಒಂದು ಬಟ್ಟೆಯ ಸುರುಳಿ ತಂದಿದ್ದಳು. ಬಿಚ್ಚಿದರೆ ಆರು ಸೂಜಿ. ಮೂರರಲ್ಲಿ ಇನ್ನೂ ದಾರವಿತ್ತು. "ನಾನೇ ಪೋಣಿಸಿದ್ದು" ಎಂದು ಒಂದೊಂದನ್ನೂ ಮುಟ್ಟಿ ತೋರಿಸಿದಳು. ಆ ದಿನ ಆಸ್ಪತ್ರೆಯ ಮಾತು ಬಂದದ್ದು ಒಂದೇ ಸಲ. ಏಳುವ ಮುಂಚೆ, "ನನ್ನ ಕುರ್ತಾದ ಗುಂಡಿ ಬಿದ್ದುಹೋಗಿದೆ. ಇದರಲ್ಲಿ ಒಂದನ್ನ ಬಳಸಬಹುದಾ ಮೇಡಂ?" ಎಂದು ಕೇಳಿದಳು.

ಯಾವುದನ್ನು ಎಂದೆ.

"ಬಿಳಿ ದಾರದ್ದು. ಅದು ಸಾಕಷ್ಟು ಉದ್ದ ಇದೆ."