ನಿದ್ದೆಗೆ ಜಾಗವಿಲ್ಲದ ವೇಳಾಪಟ್ಟಿ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ದಂಪತಿಯ ಒಪ್ಪಿಗೆಯಿದೆ.)

ನಲವತ್ತರ ಆಸುಪಾಸಿನ ಅವರನ್ನು ಸಮಾಲೋಚನೆಗೆ ನನ್ನ ಬಳಿ ಕರೆತಂದದ್ದು ಪತ್ನಿ. ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡ ಅಣ್ಣನ ನೆನಪಿಗೆ, ಬಡ ರೋಗಿಗಳ ಡಯಾಲಿಸಿಸ್‌ಗೆ ಹಣ ಕೂಡಿಸಲು 24 ಗಂಟೆಯಲ್ಲಿ 1,600 ಕಿಲೋಮೀಟರ್ ಬೈಕ್ ಓಡಿಸುವುದಾಗಿ ಅವರು ಮಾತು ಕೊಟ್ಟಿದ್ದರು. ದೂರದ ಸವಾರರಿಗೆ ಇದು ಪರಿಚಿತ ಅಳತೆ. ಅಮೆರಿಕದ ಐರನ್ ಬಟ್ ಅಸೋಸಿಯೇಷನ್ ಎಂಬ ಸವಾರರ ಸಂಘದ ‘ಸ್ಯಾಡಲ್‌ಸೋರ್ 1000’ ಸವಾಲು ಕೂಡ 24 ಗಂಟೆಯಲ್ಲಿ 1,000 ಮೈಲಿ, ಅಂದರೆ ಸುಮಾರು 1,600 ಕಿಲೋಮೀಟರ್, ಕೇಳುತ್ತದೆ.

“ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ ಮೇಡಂ. ಆದರೆ ಇವರು ರಾತ್ರಿಯಿಡೀ ಎಚ್ಚರವಿದ್ದು ಅಭ್ಯಾಸ ಮಾಡುತ್ತಿದ್ದಾರೆ,” ಎಂದರು ಪತ್ನಿ.

ಪತಿ ಮಡಚಿದ ಹಾಳೆಯೊಂದನ್ನು ಮೇಜಿನ ಮೇಲೆ ಬಿಡಿಸಿದರು. ಸ್ಕೇಲಿಟ್ಟು ಗೆರೆ ಎಳೆದ ಕಾಲಮುಗಳು: ದೂರ, ಪೆಟ್ರೋಲ್, ನೀರು, ಟೈರ್ ಗಾಳಿ, ಚೈನಿಗೆ ಎಣ್ಣೆ. ಅಷ್ಟು ಅಚ್ಚುಕಟ್ಟಾದ ತಯಾರಿಯನ್ನು ನಾನು ಕಂಡದ್ದು ಕಡಿಮೆ. ನಿದ್ದೆಗೆ ಮಾತ್ರ ಒಂದು ಕಾಲಮೂ ಇರಲಿಲ್ಲ.

ಹಿಂದಿನ ವಾರದ ಅಭ್ಯಾಸದಲ್ಲಿ ಏನಾಯಿತು ಎಂದು ಕೇಳಿದೆ. ನಸುಕಿನ ಮೂರೂವರೆಗೆ ಚಕ್ರ ರಸ್ತೆಯ ಅಂಚಿನ ಜಲ್ಲಿಗೆ ಇಳಿದಾಗಲೇ ಎಚ್ಚರವಾಯಿತಂತೆ. ಅದಕ್ಕೆ ಹಿಂದಿನ ತಿರುವು ನೆನಪೇ ಇಲ್ಲ. ಪತ್ನಿಗೆ ಇದು ಗೊತ್ತಿರಲಿಲ್ಲ. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ನಾಲ್ಕು ಸೆಕೆಂಡ್ ಕಣ್ಣು ಮುಚ್ಚಿದರೆ ಬೈಕ್ ನೂರು ಮೀಟರ್ ಸಾಗಿರುತ್ತದೆ ಎಂದು ಅದೇ ಹಾಳೆಯ ಹಿಂಬದಿಯಲ್ಲಿ ಲೆಕ್ಕ ಮಾಡಿ ತೋರಿಸಿದೆ. ಅವರು ಲೆಕ್ಕ ನೋಡಲಿಲ್ಲ. ತುಂಬ ಹೊತ್ತಿನ ಮೇಲೆ, “ಅಣ್ಣ ಹೋದ ರಾತ್ರಿ ನಾನು ಆಸ್ಪತ್ರೆಯ ಬೆಂಚಿನ ಮೇಲೆ ನಿದ್ದೆ ಹೋಗಿದ್ದೆ,” ಎಂದರು.

ದಾನದ ಸವಾರಿಯೊಳಗೆ ಅವರು ತಮಗೆ ತಾವೇ ಶಿಕ್ಷೆಯೊಂದನ್ನು ಸೇರಿಸಿಕೊಂಡಿದ್ದರು. ಹಲವು ದಿನ ಆಸ್ಪತ್ರೆಯಲ್ಲಿ ಕಾದ ದೇಹ ಕೊನೆಗೆ ಸೋತು ಮಲಗಿದ್ದು ಪ್ರೀತಿಯ ಕೊರತೆಯಿಂದಲ್ಲ. ಇದನ್ನು ನಾನು ಹೇಳಿದೆ. ಆದರೆ ಅವರ ಮನಸ್ಸಿಗೆ ತಾಗಿದ್ದು ಪತ್ನಿಯ ಮಾತು: “ಅಂದು ಭಾವನವರೇ ನಿಮ್ಮನ್ನು ಮಲಗಲು ಕಳಿಸಿದ್ದು.”

ನನ್ನ ಸಲಹೆಯಲ್ಲಿ ಮುಚ್ಚುಮರೆ ಇರಲಿಲ್ಲ. 24 ಗಂಟೆಯ ಗುರಿಯನ್ನು ಬಿಡಿ. ಅದೇ ದೂರಕ್ಕೆ 36 ಗಂಟೆ ಇಟ್ಟುಕೊಳ್ಳಿ. ರಾತ್ರಿ ಹನ್ನೊಂದರಿಂದ ಐದರವರೆಗೆ ಹಾಸಿಗೆಯ ಮೇಲಿರಿ, ಏಕೆಂದರೆ ನಸುಕಿನ ಹೊತ್ತಿಗೆ ದೇಹದ ಗಡಿಯಾರವೇ ನಿದ್ದೆಯತ್ತ ಎಳೆಯುತ್ತದೆ. ನಿದ್ದೆಗೆಡುವುದನ್ನು ಅಭ್ಯಾಸದಿಂದ ಗೆಲ್ಲಲಾಗದು; ಹೊರಡುವ ಮುಂಚಿನ ವಾರ ಪ್ರತಿ ರಾತ್ರಿಯೂ ಸಾಕಷ್ಟು ಮಲಗಿ. ಹಗಲಲ್ಲಿ ತೂಕಡಿಕೆ ಬಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಕಾಫಿ ಕುಡಿದು ಇಪ್ಪತ್ತು ನಿಮಿಷ ಮಲಗಿ. ಏಳುವಷ್ಟರಲ್ಲಿ ಕಾಫಿ ಕೆಲಸ ಶುರುಮಾಡಿರುತ್ತದೆ. ಆದರೆ ಅದು ರಾತ್ರಿಯ ನಿದ್ದೆಗೆ ಬದಲಿಯಲ್ಲ. ಪತ್ನಿ ಫೋನಿನಲ್ಲಿ “ನಿಲ್ಲಿಸಿ” ಎಂದರೆ ಅಂದಿಗೆ ಸವಾರಿ ಮುಗಿಯಿತು, ಚರ್ಚೆಯಿಲ್ಲ. ಈ ಕೊನೆಯದಕ್ಕೆ ಒಪ್ಪಲು ಅವರಿಗೆ ಎರಡು ಭೇಟಿ ಬೇಕಾಯಿತು.

ದಾನಿಗಳಿಗೆ ಏನೆಂದು ಹೇಳುವುದು ಎಂಬ ಅಳುಕು ಉಳಿದಿತ್ತು. ಅವಧಿ ಬದಲಾಗಿದೆ, ದಾರಿಯಲ್ಲೇ ನಿಲ್ಲಿಸಿದರೂ ಕೂಡಿದ ಹಣ ರೋಗಿಗಳಿಗೇ ಸೇರುತ್ತದೆ, ಒಪ್ಪದವರು ಹಿಂದಕ್ಕೆ ಪಡೆಯಬಹುದು ಎಂದು ನಾಲ್ಕು ಸಾಲಿನ ಪತ್ರವನ್ನು ಒಟ್ಟಿಗೆ ಕುಳಿತು ಬರೆದೆವು. ಒಬ್ಬರು ಹಣ ಹಿಂದಕ್ಕೆ ಪಡೆದರು. ಆ ಸಂಜೆ ಅವರು ಕುಗ್ಗಿಹೋಗಿದ್ದರು. ಹೊಸ ವೇಳಾಪಟ್ಟಿಯ ಹಾಳೆಯನ್ನು ಮಾತ್ರ ಹರಿಯಲಿಲ್ಲ.

ಸವಾರಿ ಮುಂದಿನ ತಿಂಗಳು. ಮುಗಿದ ವಾರದಲ್ಲೇ ಒಂದು ಭೇಟಿಯನ್ನು ಈಗಲೇ ಗೊತ್ತುಮಾಡಿದ್ದೇವೆ. ಅಣ್ಣನ ಕುರಿತ ಮಾತು ಇನ್ನೂ ಬಾಕಿಯಿದೆ.